ಮೀನಿಲ್ಲದ ಟ್ಯಾಂಕಿನ ಗೃಹಪ್ರವೇಶ

ಅಕ್ವೇರಿಯಂ ಅಂಗಡಿಯ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ಗಿರಾಕಿ ಬರುವುದು ಮೀನಿಗಾಗಿ. ನಾವು ಮಾಡುವುದು ನೀರಿನ ಕೆಲಸ. ಇದನ್ನು ಅವನಿಗೆ ಅರ್ಥ ಮಾಡಿಸುವಷ್ಟರಲ್ಲಿ ನಮ್ಮ ಆಯಸ್ಸು ಮುಗಿದಿರುತ್ತದೆ.

ನಾನು ಮಂಡ್ಯದ ಒಂದು ಅಂಗಡಿಯಲ್ಲಿ ಸೇರಿ, ಅಲ್ಲೇ ತಲೆ ನರೆಸಿಕೊಂಡು, ಹೋದ ವರ್ಷ ಮನೆಗೆ ಬಂದು ಕೂತವನು. ಈಗ ನನ್ನ ಹೆಂಡತಿ ದಿನಕ್ಕೊಮ್ಮೆಯಾದರೂ, "ಒಂದ್ ಗಳಿಗೆ ಸುಮ್ನೆ ಕೂರೋಕೆ ನಿಮ್ಗೇನು ರೋಗ?" ಎಂದು ಬೈಯುತ್ತಾಳೆ. ಮಂಡ್ಯ, ಮದ್ದೂರು, ಮಳವಳ್ಳಿಯ ಜನಕ್ಕೆಲ್ಲ "ಸುಮ್ಮನೆ ಕೂರಿ, ಏನೂ ಮಾಡಬೇಡಿ" ಎಂದು ಹೇಳಿ ಹೇಳಿಯೇ ಸಂಬಳ ತಿಂದವನ ಹಣೆಬರಹ ನೋಡಿ.

ನಾನು ಸೇರಿದ ಕಾಲದಲ್ಲಿ ಪದ್ಧತಿ ಸರಳವಾಗಿತ್ತು. ಬೆಳಿಗ್ಗೆ ಟ್ಯಾಂಕು ಇಡುವುದು, ಮಧ್ಯಾಹ್ನ ನೀರು ತುಂಬುವುದು, ಸಂಜೆ ಮೀನು ಬಿಡುವುದು. ಸ್ವಲ್ಪ ದಿನದಲ್ಲೇ ಮೀನುಗಳು ಒಂದೊಂದಾಗಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಗಿರಾಕಿ ಸಪ್ಪೆ ಮುಖ ಹೊತ್ತು ಮತ್ತೆ ಬರುತ್ತಿದ್ದ. ನಮ್ಮ ಯಜಮಾನರು ಅವನ ಎದುರಿಗೆ "ಅಯ್ಯೋ ಪಾಪ" ಎಂದು ಲೊಚಗುಟ್ಟುತ್ತಿದ್ದರು. ಅವನು ಹೊಸ ಮೀನು ಹಿಡಿದುಕೊಂಡು ಮೆಟ್ಟಿಲಿಳಿದ ಮೇಲೆ ನನ್ನ ಕಡೆ ತಿರುಗಿ, "ಮೀನು ಸತ್ರೇನೇ ಕಣಯ್ಯ, ಮೀನಂಗಡಿ ಬದುಕೋದು" ಎನ್ನುತ್ತಿದ್ದರು. ದೈವಭಕ್ತರು. ದೇವರ ಫೋಟೋಗೆ ಕೈಮುಗಿಯದೆ ಒಂದು ಗಪ್ಪಿ ಮೀನನ್ನೂ ಮಾರಿದವರಲ್ಲ.

ಮೀನು ಯಾಕೆ ಸಾಯುತ್ತದೆ ಎಂಬುದಕ್ಕೆ ಜನರ ಬಳಿ ಕಾರಣಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯವಳ ಕಣ್ಣು, ಅಮಾವಾಸ್ಯೆ, ಟಿವಿಯ ಸದ್ದು. ಮಳವಳ್ಳಿಯ ಒಬ್ಬ ಬಟ್ಟೆ ವ್ಯಾಪಾರಿಗೆ ಯಾರೋ ವಾಸ್ತು ದೋಷ ಎಂದು ಹೇಳಿದರು. ಟ್ಯಾಂಕನ್ನು ಈಶಾನ್ಯಕ್ಕೆ ಸರಿಸಿದೆವು, ಸತ್ತವು. ಉತ್ತರಕ್ಕೆ ಸರಿಸಿದೆವು, ಅಲ್ಲೂ ಸತ್ತವು. ಪ್ರತಿ ಸಲ ಸರಿಸುವಾಗಲೂ ನೀರು ಚೆಲ್ಲಿ, ಕಲ್ಲು ತಿಕ್ಕಿ ತೊಳೆದು, ಹೊಸ ನೀರು ತುಂಬುತ್ತಿದ್ದೆವು. ಕೊನೆಗೆ ಅಡುಗೆಮನೆ ಬಾಗಿಲ ಪಕ್ಕ ಇಡುವ ಹೊತ್ತಿಗೆ ಅವರಿಗೂ ಸಾಕಾಗಿ, ಟ್ಯಾಂಕಿನ ತಂಟೆಗೇ ಹೋಗದೆ ಕೈಬಿಟ್ಟರು. ಮೀನುಗಳು ಬದುಕಿದವು. ಅಡುಗೆಮನೆ ಬಾಗಿಲಿಗೆ ಆ ಬೀದಿಯಲ್ಲೆಲ್ಲ ಒಳ್ಳೆಯ ಹೆಸರು ಬಂತು.

ಆಮೇಲೆ ಟೆಸ್ಟ್ ಕಿಟ್ ಎಂಬುದು ಬಂತು. ಗಾಜಿನ ಪುಟ್ಟ ಕೊಳವೆಗೆ ಟ್ಯಾಂಕಿನ ನೀರು ಹಾಕಿ, ಮದ್ದು ತೊಟ್ಟಿಕ್ಕಿಸಿದರೆ ಬಣ್ಣ ಬರುತ್ತದೆ. ಹಳದಿ ಬಂದರೆ ಅಮೋನಿಯ ಇಲ್ಲ. ಹಸಿರು ಬಂದರೆ ಇದೆ. ಹಸಿರು ಗಾಢವಾದಷ್ಟೂ ಮೀನಿಗೆ ಯಮ ಹತ್ತಿರ. ಯಜಮಾನರು ಅದನ್ನು ಒಂದು ಸಲ ನೋಡಿ, "ಇದು ನಿಜ ಹೇಳೋ ಡಬ್ಬಿ ಕಣಯ್ಯ. ಗಿರಾಕಿ ಕಣ್ಣಿಗೆ ಬೀಳಿಸ್ಬೇಡ, ಒಳಗಿಡು" ಎಂದರು. ನಾನು ಅದನ್ನು ನನ್ನ ಚೀಲದೊಳಗಿಟ್ಟೆ. ಒಳಗೇ ಅಲ್ಲವೇ.

ವಿಷಯ ಇಷ್ಟೇ. ಮೀನಿನ ಹೇಲು, ಉಚ್ಚೆ, ತಿನ್ನದೆ ಬಿಟ್ಟ ಕಾಳು ಎಲ್ಲ ಕೊಳೆತು ನೀರಿನಲ್ಲಿ ಅಮೋನಿಯ ಆಗುತ್ತದೆ. ಅದು ವಿಷ. ಕಣ್ಣಿಗೆ ಕಾಣದ ಒಂದು ಜಾತಿಯ ಜೀವಿಗಳು ಅದನ್ನು ತಿಂದು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಅದನ್ನು ತಿನ್ನಲು ಇನ್ನೊಂದು ಜಾತಿ ಇದೆ, ಅದು ಬಿಟ್ಟಿದ್ದು ಗಿಡಗಳಿಗೆ ಗೊಬ್ಬರ. ಈ ಎರಡೂ ಜಾತಿ ಹೊಸ ಟ್ಯಾಂಕಿನಲ್ಲಿ ಇರುವುದಿಲ್ಲ. ಕಲ್ಲಿನ ಮೇಲೆ, ಮರಳಿನ ಮೇಲೆ, ಫಿಲ್ಟರಿನ ಸ್ಪಂಜಿನೊಳಗೆ ವಾರಗಟ್ಟಲೆ ನಿಧಾನವಾಗಿ ಹಬ್ಬಬೇಕು. ಅಲ್ಲಿಯವರೆಗೆ ಅವುಗಳ ಹೊಟ್ಟೆಗೆ ಚೂರು ಚೂರು ಅಮೋನಿಯ ಕೊಟ್ಟುಕೊಂಡು, ಮೀನು ಬಿಡದೆ, ಗಿಡ ನೆಟ್ಟು ಫಿಲ್ಟರು ಓಡಿಸುತ್ತ ಕಾಯಬೇಕು. ನಾನು ಇದನ್ನು ನೀರು ಮಾಗಿಸುವುದು ಎನ್ನುತ್ತಿದ್ದೆ. ಮಾಗದ ನೀರು ನೋಡಲು ತಿಳಿಯಾಗಿರುತ್ತದೆ. ಮಾಗಿದ ನೀರೂ ತಿಳಿಯಾಗಿರುತ್ತದೆ. ಆದ್ದರಿಂದ ಮಧ್ಯದಲ್ಲಿ ನಾನು ಕೆಲಸ ಮಾಡಿದ್ದೇನೆಂದು ಯಾರೂ ನಂಬುತ್ತಿರಲಿಲ್ಲ.

ಇಷ್ಟು ಪೀಠಿಕೆ ಹಾಕಿದ್ದು ಮದ್ದೂರಿನ ಒಂದು ಮನೆಯ ಕಥೆ ಹೇಳುವುದಕ್ಕೆ. ಮದ್ದೂರಿನಿಂದ ನಿಡಘಟ್ಟದ ಕಡೆಗೆ ಹೋಗುವಾಗ ಸಿಗುವ ಒಂದು ಬಡಾವಣೆಯಲ್ಲಿ ಮಂಜುನಾಥ ಎಂಬ ಕಾಲೇಜು ಮೇಷ್ಟ್ರು ಮನೆ ಕಟ್ಟಿಸಿದ್ದರು. ಭಾರತೀನಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬಂದು ಪಾಠ ಮಾಡುವವರು. ಹೊಸ ಮನೆಯ ಹಾಲಿನಲ್ಲಿ ಗೋಡೆಯುದ್ದದ ಟ್ಯಾಂಕು, ಅದರ ತುಂಬ ಗಿಡ, ಗೃಹಪ್ರವೇಶದ ದಿನ ಅದರಲ್ಲಿ ಮೀನು ಆಡಬೇಕು. ಗೃಹಪ್ರವೇಶ ಮುಂದಿನ ವಾರವೇ ಇತ್ತು. ಮಾತಾಡಲು ಅದೇ ಬೀದಿಯಲ್ಲಿದ್ದ ಅವರ ಬಾಡಿಗೆ ಮನೆಗೆ ಹೋಗಿದ್ದೆ. ನಾನು ಎಂದಿನಂತೆ ತಲೆ ಅಡ್ಡಡ್ಡ ಆಡಿಸುತ್ತಿರುವಾಗ ಒಳಗಿನಿಂದ ಒಂದು ದನಿ ಬಂತು.

"ಯಾರ್ಲಾ ಮಂಜ, ಮೀನ್ನೋರು ಬಂದವ್ರಾ? ಒಳಿಕ್ ಕರಿ, ಸಾಯೇಬ್ರನ್ನ ನೋಡ್ಲಿ."

ಮಂಜುನಾಥರ ತಾಯಿ ಚಿಕ್ಕತಾಯಮ್ಮ. ಕೋಣೆಯ ಕಿಟಕಿಯ ಬಳಿ ಒಂದು ಹಳೆಯ ಗಾಜಿನ ಡಬ್ಬ, ಅದರ ಗೋಡೆಗೆಲ್ಲ ಪಾಚಿ, ಅಡಿಯಲ್ಲಿ ಹೊಳೆಯ ಕಲ್ಲು. ನಡುವೆ ಒಂದೇ ಒಂದು ಗೌರಾಮಿ ಮೀನು, ಬೆಳ್ಳಿ ಬಣ್ಣದ್ದು, ವಯಸ್ಸಾದದ್ದು, ಗತ್ತಿನಿಂದ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿತ್ತು. ಇದೇ ಸಾಹೇಬರು. ಚಿಕ್ಕತಾಯಮ್ಮನ ಯಜಮಾನರು ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಬ್ಲಫ್ ಬಿಡದೆ ಅಲ್ಲೇ ಬಾಡಿಗೆ ಮನೆ ಹಿಡಿದು, ಹೊತ್ತು ಹೋಗಲೆಂದು ಈ ಮೀನು ತಂದು ಸಾಕಿದ್ದರು. ತಮ್ಮ ಮೇಲಿದ್ದ ಇಂಜಿನಿಯರ ನೆನಪಿಗೆ ಅದಕ್ಕೆ ಆ ಹೆಸರು.

"ಆ ಇಂಜಿನೀರೂ ಇಂಗೇಯಂತೆ ಕಣಪ್ಪ. ಬೆಳಗಿಂದ ಸಂಜೆಗಂಟ ಮ್ಯಾಕ್ಕೂ ಕೆಳಿಕ್ಕೂ ತಿರ್ಗಾಡದು, ಒಂದು ಕೆಲ್ಸ ಮಾಡಾಕಿಲ್ಲ" ಎಂದು ಚಿಕ್ಕತಾಯಮ್ಮ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು. ಯಜಮಾನರು ತೀರಿಕೊಂಡ ಮೇಲೆ ಮಗ ಬ್ಲಫ್‌ನ ಮನೆ ಖಾಲಿ ಮಾಡಿಸಿ ತಾಯಿಯನ್ನು ಕರೆತಂದಿದ್ದರು. ಮಂಚದ ಕೆಳಗೆ ಒಂದು ತಗಡಿನ ಟ್ರಂಕು, ಅದಕ್ಕೆ ಬೀಗ.

"ನೋಡಪ್ಪ, ಈ ಊರಿಗೆ ನಾನು ಬಂದಿರದೇ ಸಾಯೇಬ್ರನ್ನ ಕರ್ಕಂಡು. ನಮ್ ಯಜಮಾನ್ರು ಸಾಕಿದ್ ಜೀವ. ಇವ್ರಿಗೇನಾರಾ ಎಚ್ಚುಕಮ್ಮಿ ಆಯ್ತು ಅಂದ್ರೆ ಒಂದ್ ದಿನ ಇಲ್ಲಿರಾಕಿಲ್ಲ. ಮಳವಳ್ಳಿ ಬಸ್ಸತ್ಕಂಡು ನಮ್ ತಂಗಿ ಮನೆಗೆ ಓಯ್ತೀನಿ. ಟ್ರಂಕಿನ್ ಬೀಗಾನೇ ತಗ್ದಿಲ್ಲ ನಾನು."

ನನ್ನನ್ನು ಬೀದಿಯವರೆಗೆ ಬಿಡಲು ಬಂದ ಮಂಜುನಾಥರ ಮುಖ ಸಣ್ಣದಾಗಿತ್ತು. "ಸಿದ್ದರಾಜಣ್ಣ, ನಮ್ಮವ್ವ ಹೇಳಿದಂಗೆ ಮಾಡೋರು. ಆ ಟ್ಯಾಂಕು ಮಾಡಿಸ್ತಿರೋದೇ ಅವ್ವನಿಗೆ ಇಲ್ಲಿ ಮನಸ್ಸು ನಿಲ್ಲಲಿ ಅಂತ. ಮೀನು ಬದುಕಬೇಕು."

"ಬದುಕಬೇಕಾದ್ರೆ ಗೃಹಪ್ರವೇಶಕ್ಕೆ ಬಿಡಬೇಡಿ ಸಾರ್."

"ನೆಂಟರೆಲ್ಲ ಬಂದು ಖಾಲಿ ಟ್ಯಾಂಕು ನೋಡ್ಕೊಂಡು ಹೋಗ್ಬೇಕಾ?"

"ಸತ್ತ ಸಾಹೇಬರನ್ನ ನೋಡೋದಕ್ಕಿಂತ ವಾಸಿ."

ಮೇಷ್ಟ್ರು ಒಪ್ಪಿದರು, ತಾಯಿ ಒಪ್ಪಲಿಲ್ಲ. ಮನೆಮಂದಿಯೆಲ್ಲ ಹೊಸ ಹೊಸ್ತಿಲು ದಾಟುವಾಗ ಸಾಹೇಬರೊಬ್ಬರು ಹೊರಗಿರಬೇಕೇ ಎಂಬುದು ಅವರ ಪ್ರಶ್ನೆ. ಅಮೋನಿಯ, ನೈಟ್ರೈಟ್ ಎಲ್ಲ ವಿವರಿಸಿದೆ. ಅವರು ನನ್ನ ಬಾಯನ್ನೇ ನೋಡಿದರು. ಕೊನೆಗೆ ನಾನು, "ಅವ್ವ, ಹೆಪ್ಪು ಹಾಕದೆ ಹಾಲು ಮೊಸರಾಯ್ತದಾ?" ಎಂದು ಕೇಳಿದೆ. "ಆಗಾಕಿಲ್ಲ" ಎಂದರು. "ಹಾಕಿದ ಕೂಡ್ಲೇ ಆಯ್ತದಾ?" "ಅದೆಂಗಾದದು? ಅಲ್ಲಾಡಿಸ್ದೆ ಬುಡ್ಬೇಕು." "ಈ ನೀರೂ ಹಂಗೇ. ಹೆಪ್ಪು ನಿಮ್ಮ ಹಳೇ ಡಬ್ಬದಲ್ಲೇ ಇದೆ. ಆ ಪಾಚಿ, ಆ ಕಲ್ಲು. ಅದನ್ನ ಯಾರೂ ತೊಳೀಬೇಡಿ. ನಾಳಿದ್ದು ಬಂದು ಹೊಸ ಟ್ಯಾಂಕಿಗೆ ನಾನೇ ಹಾಕ್ತೀನಿ." ಚಿಕ್ಕತಾಯಮ್ಮ ಗಲ್ಲಕ್ಕೆ ಕೈ ಹಚ್ಚಿ ಯೋಚಿಸಿ, "ಇದ್ನ ಮೊದ್ಲೇ ಏಳದಲ್ವಾ, ಇಂಗ್ಲೀಸ್ನಾಗೆ ಅದೇನೇನೋ ಏಳ್ದೆ" ಎಂದರು.

ಹೇಳಿದ ದಿನ ಹೋದರೆ ಬಾಡಿಗೆ ಮನೆಯ ಅಂಗಳದಲ್ಲಿ, ಬಿಸಿಲಲ್ಲಿ, ಚಾಪೆಯ ಮೇಲೆ ಸಾಹೇಬರ ಕಲ್ಲುಗಳು ಹೊಳೆಯುತ್ತಿದ್ದವು. ಹಲ್ಲು ಉಜ್ಜಿದ ಹಾಗೆ ಬೆಳ್ಳಗೆ. ಸೊಸೆ ಸವಿತಾ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ತೊಳೆದು ಒಣಗಿಸಿದ್ದರು. ಪಾಪ, ನಾನು ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ, ಅತ್ತೆಗೆ ಖುಷಿಯಾಗಲೆಂದೇ ಮಾಡಿದ್ದು. "ಹಳೇ ಮನೆ ಕೊಳೆ ಹೊಸ ಮನೆಗೆ ಹೋಗಬಾರದಂತೆ ಅಣ್ಣಾ. ಪೊರಕೇನೂ ಹೊಸದೇ ತಂದಿದೀವಿ" ಎಂದರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ತಾಯಿ, ನೀವು ತೊಳೆದಿದ್ದು ಕೊಳೆ ಅಲ್ಲ, ಹೊಸ ಟ್ಯಾಂಕಿಗೆ ಕೆಲಸಕ್ಕೆ ಬರಬೇಕಾಗಿದ್ದೋರನ್ನ" ಎಂದೆ. ಸವಿತಾ ಅತ್ತೇಬಿಟ್ಟರು. ಚಿಕ್ಕತಾಯಮ್ಮ ಒಳಗಿಂದ ಬಂದು ನನ್ನನ್ನೇ ಗದರಿದರು. "ಯಾಕಪ್ಪ ಮನೆ ಎಣ್ಮಗೀನ ಅಳಿಸ್ತೀಯ? ಮಸ್ರು ಕೆಟ್ಟೋದ್ರೆ ಪಕ್ಕದ್ ಮನೇಲಿ ಎಪ್ಪು ಇಸ್ಕಳಾಕಿಲ್ವಾ?" ಸಾಹೇಬರನ್ನು ಸವಿತಾ ಮೊದಲೇ ಒಂದು ದೊಡ್ಡ ಬಕೆಟ್ಟಿಗೆ ಸಾಗಿಸಿದ್ದರು. ಅಲ್ಲಿ ಬದುಕಿಸಿಕೊಳ್ಳುವ ದಾರಿ ಒಂದೇ: ಹಿಂದಿನ ದಿನ ಹಿಡಿದಿಟ್ಟ ನೀರಿನಿಂದ ದಿನಾ ಅರ್ಧ ಬಕೆಟ್ಟು ಬದಲಿಸುವುದು. "ಮಾಡ್ತೀನಿ ಬುಡು, ನಂಗೇನ್ ಬೇರೆ ಕೆಲ್ಸ ಅದೆ" ಎಂದರು ಚಿಕ್ಕತಾಯಮ್ಮ.

ನಾನು ಹೊಸ ಟ್ಯಾಂಕಿಗೆ ಮಣ್ಣು, ಮರಳು, ಮರದ ಬೇರು ಜೋಡಿಸಿ, ಗಿಡ ನೆಟ್ಟು, ನೀರು ತುಂಬಿ, ಫಿಲ್ಟರು ಹಾಕಿ ಬಂದೆ. ನನ್ನ ಮನೆಯ ಟ್ಯಾಂಕಿನ ಸ್ಪಂಜನ್ನೇ ಹೆಪ್ಪಿಗೆ ತರುವುದೆಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಗೃಹಪ್ರವೇಶದ ಗಲಾಟೆಯೊಂದು ಕಳೆದುಹೋಗಲಿ ಎಂದು ಕಾದೆ.

ಗೃಹಪ್ರವೇಶಕ್ಕೆ ನನ್ನನ್ನೂ ಕರೆದಿದ್ದರು. ಬಂದವರೆಲ್ಲ ಟ್ಯಾಂಕಿನ ಮುಂದೆ ನಿಂತು ಬಗ್ಗಿ ಬಗ್ಗಿ ನೋಡಿ, "ಮೀನೆಲ್ಲಪ್ಪ?" ಎನ್ನುವುದು, ಮೇಷ್ಟ್ರು ನನ್ನ ಕಡೆ ಬೆರಳು ತೋರುವುದು. ಒಬ್ಬ ಹಿರಿಯರು, "ಸೊಪ್ಪು ತೊಳ್ಯಾಕೆ ಇಷ್ಟ್ ದೊಡ್ ಗಾಜಿನ್ ತೊಟ್ಟೀನಾ?" ಎಂದು ಕೇಳಿದರು. ನಾನು ಎಲೆಯಲ್ಲಿದ್ದ ಹೋಳಿಗೆಯ ಕಡೆಗೆ ಪೂರ್ತಿ ಗಮನ ಕೊಟ್ಟೆ.

ಅನಾಹುತ ಆದದ್ದು ಊಟದ ನಂತರ. ಬೆಳಗಿನ ಪೂಜೆಯಲ್ಲಿ ಮನೆಗೆಲ್ಲ ಪ್ರೋಕ್ಷಣೆ ಮಾಡಿದ ಗಂಜಲ ಒಂದು ದೊಡ್ಡ ಚೊಂಬಿನಲ್ಲಿ ಉಳಿದಿತ್ತು. ಅದನ್ನು ಕಾಲು ತುಳಿಯುವ ಕಡೆ ಚೆಲ್ಲುವಂತಿಲ್ಲ, ಗಿಡದ ಬುಡಕ್ಕೇ ಹಾಕಬೇಕು. ಹೊಸ ಮನೆ, ಸುತ್ತ ಕಾಂಕ್ರೀಟು, ಅಂಗಳದಲ್ಲಿ ಹುಲ್ಲುಕಡ್ಡಿಯೂ ಇಲ್ಲ. ಮಂಜುನಾಥರ ಸೋದರಮಾವ ಚೊಂಬು ಹಿಡಿದು ಸುತ್ತೆಲ್ಲ ಹುಡುಕಿ, ಕೊನೆಗೆ ಹಾಲಿನಲ್ಲಿ ಹಸಿರಾಗಿ ನಳನಳಿಸುವ ಗಿಡ ಕಂಡು, ಭಕ್ತಿಯಿಂದ ಕಣ್ಣಿಗೊತ್ತಿಕೊಂಡು, ಇಡೀ ಚೊಂಬನ್ನು ಟ್ಯಾಂಕಿಗೆ ಬಗ್ಗಿಸಿದರು.

ನಾನು ಓಡಿಹೋಗಿ ಚೀಲದಿಂದ ಕಿಟ್ ತೆಗೆದು ಪರೀಕ್ಷೆ ಮಾಡಿದೆ. ಹಸಿರು. ಮರುದಿನ ಮತ್ತೆ ಹೋಗಿ ನೋಡಿದರೆ ಕೊಳವೆಯೊಳಗಿನ ಹಸಿರು ಕಬ್ಬಿನ ಗರಿಯನ್ನೂ ಮೀರಿಸಿತ್ತು. ಗಂಜಲ ನೀರಿನಲ್ಲಿ ಅಮೋನಿಯವಾಗಲು ಶುರುವಾಗಿತ್ತು. ಚಿಕ್ಕತಾಯಮ್ಮ ನನ್ನ ಪಕ್ಕ ನಿಂತು ಆ ಬಣ್ಣ ನೋಡಿದರು.

"ಸಾಯೇಬ್ರು ಇದ್ರೊಳ್ಗೆ ಇದ್ದಿದ್ರೆ?"

"ಇರ್ತಿರಲಿಲ್ಲ ಅವ್ವ."

ಅವರು ಹೋಗಿ ಬಕೆಟ್ಟಿನ ಪಕ್ಕ ಕೂತರು. ಆಮೇಲೆ ಮೀನು ಯಾವಾಗ ಬಿಡುತ್ತೀಯ ಎಂದು ಆ ಮನೆಯಲ್ಲಿ ಅವರೊಬ್ಬರು ಮಾತ್ರ ನನ್ನನ್ನು ಕೇಳಲಿಲ್ಲ.

ನಾನು ಅರ್ಧ ನೀರು ಬದಲಿಸಿದೆ. ಆಮೇಲೆ ನಮ್ಮ ಮನೆಯ ಸ್ಪಂಜು ತಂದು ಹೊಸ ಟ್ಯಾಂಕಿನಲ್ಲಿ ಹಿಂಡಿದೆ. ಕಪ್ಪು ರಾಡಿ ಇಳಿಯುವುದನ್ನು ನೋಡಿ ಸವಿತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಿಜ ಹೇಳಬೇಕೆಂದರೆ ಆ ಸೋದರಮಾವ ನನ್ನ ಕೆಲಸವನ್ನೇ ಮಾಡಿದ್ದರು. ಮೀನಿಲ್ಲದ ಟ್ಯಾಂಕಿಗೆ ಅಮೋನಿಯ ಬೇಕೇ ಬೇಕು. ನಾನು ತೊಟ್ಟು ತೊಟ್ಟಾಗಿ ಕೊಡಬೇಕೆಂದಿದ್ದೆ, ಅವರು ದಾಸೋಹ ಮಾಡಿದ್ದರು ಅಷ್ಟೇ.

ಅಂಗಡಿಯಲ್ಲಿ ಈ ಕಥೆ ಹೇಳಿದ್ದು ನನ್ನ ತಪ್ಪು. ಯಜಮಾನರ ಕಣ್ಣು ಮಿನುಗಿತು. ಕೆಲವೇ ದಿನದಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕ "ನಾಟಿ ಟ್ಯಾಂಕ್ ಟಾನಿಕ್" ಎಂದು ಚೀಟಿ ಅಂಟಿಸಿದ ಗಂಜಲದ ಬಾಟಲಿಗಳು ನಿಂತವು. ಮೀನಿಲ್ಲದ ಟ್ಯಾಂಕಿಗೆ ಮಾತ್ರ ಎಂದು ಚೀಟಿಯಲ್ಲಿ ಬರೆಸಿ ಎಂದೆ. "ಅಷ್ಟೊಂದು ಬರೆದ್ರೆ ಯಾರಯ್ಯ ಓದ್ತಾರೆ?" ಎಂದರು. ಒಬ್ಬ ಗಿರಾಕಿ ಮೀನಿದ್ದ ಟ್ಯಾಂಕಿಗೇ ಬಗ್ಗಿಸಿ, ಸಪ್ಪೆ ಮುಖ ಹೊತ್ತು ಬಂದ. ಯಜಮಾನರು "ಅಯ್ಯೋ ಪಾಪ" ಎಂದು ಹೊಸ ಮೀನು ಕೊಟ್ಟು ಕಳಿಸಿದರು.

ಮದ್ದೂರಿನ ಟ್ಯಾಂಕು ಮಾಗುವುದಕ್ಕೆ ತನ್ನಷ್ಟಕ್ಕೆ ಸಮಯ ತೆಗೆದುಕೊಂಡಿತು. ಮೊದಲು ಗಿಡದ ಎಲೆಗಳು ಕರಗಿದವು. ಆಮೇಲೆ ಗಾಜಿಗೆ ಕಂದು ಪಾಚಿ ಹಿಡಿಯಿತು. ಹೋದಾಗಲೆಲ್ಲ ಮೇಷ್ಟ್ರದು ಒಂದೇ ಪ್ರಶ್ನೆ: "ಇವತ್ತು ಬಿಡೋಣ್ವಾ?" ನನ್ನದು ಒಂದೇ ಉತ್ತರ: "ಇನ್ನೂ ಇಲ್ಲ." ಅಮೋನಿಯ ಇಳಿದರೆ ನೈಟ್ರೈಟ್ ಏರಿತು. ಮೇಷ್ಟ್ರು ಫೋನಿನಲ್ಲಿ ವಿಡಿಯೋ ನೋಡಿ, ಬೇರೆಯವರು ಅದೇ ದಿನ ಮೀನು ಬಿಡುತ್ತಾರಲ್ಲ ಎಂದು ತೋರಿಸಿದರು. "ಮಾರನೇ ದಿನದ ವಿಡಿಯೋ ಹಾಕಿದಾರಾ ನೋಡಿ" ಎಂದೆ.

ಒಂದು ಮಧ್ಯಾಹ್ನ ಕೋಣೆಯಲ್ಲಿ ಚಿಕ್ಕತಾಯಮ್ಮ ಬಕೆಟ್ಟಿನ ನೀರು ಬದಲಿಸುತ್ತಿದ್ದರು. ಹೊಸ ಮನೆಯ ಹೊಸ ಮಂಚದ ಕೆಳಗೆ ಅದೇ ಟ್ರಂಕು, ಅದೇ ಬೀಗ. ಯಾರೋ ನೆಂಟರು ಹಾಲಿನಲ್ಲಿ ಕೂತು, "ಇಂಥಾ ಮನೆ ಸಿಕ್ಕದೆ, ಇನ್ನೂ ಯಾಕಕ್ಕ ಮಕ ಗಂಟಾಕ್ಕಂಡಿದ್ದೀಯ? ಒಂದ್ಕಂಡೋಗು" ಎಂದು ಬುದ್ಧಿ ಹೇಳಿ ಆಗಷ್ಟೇ ಎದ್ದು ಹೋಗಿದ್ದರು.

"ಏನಪ್ಪ ಸಿದ್ರಾಜು" ಎಂದರು ಚಿಕ್ಕತಾಯಮ್ಮ, ತಲೆ ಎತ್ತದೆ. "ನೀನು ಬರೀ ನೀರ್ಗೆ ಇಷ್ಟ್ ಟೇಮ್ ಕೊಡ್ತೀಯ. ನಂಗೆ ಯಾರೂ ಕೊಡಾಕಿಲ್ಲ ಕಣಪ್ಪ. ಬಂದ್ ದಿನ್ದಿಂದ್ಲೂವೆ ನಗು ನಗು ಅಂತಾರೆ. ಅವ್ರ ವರ್ಸದ್ ತಿಥಿ ಮೊನ್ನೆ ಮೊನ್ನೆ ಮುಗೀತು."

ಗಿರಾಕಿಯ ಮನೆಯ ವಿಷಯಕ್ಕೆ ತಲೆ ಹಾಕಬಾರದು ಎಂಬುದು ನಮ್ಮ ಕೆಲಸದ ನಿಯಮ. ಹೊರಡುವಾಗ ನಿಯಮ ಮುರಿದೆ. ಗೇಟಿನ ಬಳಿ ಮೇಷ್ಟ್ರು ಎಂದಿನ ಪ್ರಶ್ನೆ ಕೇಳಿದ ಕೂಡಲೇ ಸಿಟ್ಟು ಬಂತು. "ಸಾರ್, ದಿನಾ ಟ್ಯಾಂಕನ್ನ ಆಯ್ತಾ ಆಯ್ತಾ ಅಂತ ಕೇಳೋದು ಬಿಡಿ. ಅವ್ವನ್ನೂ ಕೇಳೋದು ಬಿಡಿ. ಅವರವರ ಪಾಡಿಗೆ ಬಿಟ್ಟರೆ ಆಯ್ತದೆ." ಮುಂದಿನ ಸಲ ನಾನು ಹೋದಾಗ ಅವರು ಕಾಫಿ ಬೇಕಾ ಎಂದಷ್ಟೇ ಕೇಳಿದರು.

ಕೊನೆಗೆ ಕೊಳವೆ ಹಳದಿಯಾಯಿತು. ನೈಟ್ರೈಟ್ ಕೂಡ ಇಲ್ಲವಾಯಿತು. ಗಿಡಗಳು ಹೊಸ ಎಲೆ ಬಿಟ್ಟಿದ್ದವು. ಸ್ವಲ್ಪ ಅಮೋನಿಯ ಹಾಕಿ ನೋಡಿದೆ, ಮರುದಿನಕ್ಕೆ ಟ್ಯಾಂಕು ಅದನ್ನು ತಿಂದು ಖಾಲಿ ಮಾಡಿತ್ತು. ಚಿಕ್ಕತಾಯಮ್ಮನ ಬಕೆಟ್ಟಿಗೆ ಟ್ಯಾಂಕಿನ ನೀರನ್ನು ಲೋಟ ಲೋಟವಾಗಿ ಬೆರೆಸಿ, ಸಾಹೇಬರನ್ನು ನಿಧಾನವಾಗಿ ಒಗ್ಗಿಸಿ, ಬಟ್ಟಲಿನಲ್ಲಿ ಎತ್ತಿ ಅವರ ಕೈಗೇ ಕೊಟ್ಟೆ. ಚಿಕ್ಕತಾಯಮ್ಮ ಬಟ್ಟಲು ಬಗ್ಗಿಸಿದರು. ಸಾಹೇಬರು ಒಂದು ಕ್ಷಣ ನಿಂತು, ಬಾಲ ಬೀಸಿ, ಮರದ ಬೇರಿನ ಹಿಂದೆ ಹೋಗಿ ಮಾಯವಾದರು.

ಕಾಲೇಜಿಗೆ ರಜಾ ಹಾಕಿದ್ದ ಮೇಷ್ಟ್ರು, ಸವಿತಾ, ಪಕ್ಕದ ಮನೆಯವರು ಎಲ್ಲರೂ ಗಾಜಿಗೆ ಮೂಗು ಒತ್ತಿದರು. "ಎಲ್ಲಿ ಸಿದ್ದರಾಜಣ್ಣ? ಮೊದಲಿದ್ದಂಗೇ ಖಾಲಿ ಕಾಣ್ತದಲ್ಲ!"

"ಒಳ್ಗವ್ರೆ ಕಣ್ಲಾ" ಎಂದರು ಚಿಕ್ಕತಾಯಮ್ಮ. "ಬಂದ್ ಗಳ್ಗೇಲೇ ನಿನ್ ಮುಂದೆ ಕುಣೀಬೇಕಾ? ದೂರ ನಿಲ್ರಿ ಎಲ್ರೂವೆ."

ಎಲ್ಲರೂ ದೂರ ನಿಂತರು, ಮೇಷ್ಟ್ರೂ ಸೇರಿ.

ಸಾಹೇಬರು ಹೊರಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲವೆಂದು ಮೇಷ್ಟ್ರು ಕಾಲೇಜಿಗೆ ಹೊರಡುವ ಮುಂಚೆ ಫೋನು ಮಾಡಿದಾಗ ಚೀಲ ಹೆಗಲಿಗೇರಿಸಿ ಹೊರಟೆ. ಬಣ್ಣ ನೋಡಿದ್ದೇನೋ ಸರಿ, ಆದರೆ ಮೀನಿಗೆ ವಯಸ್ಸಾಗಿತ್ತು. ಬೇರಿನ ಹಿಂದೆ ಏನಾಗಿದೆಯೋ ಯಾರಿಗೆ ಗೊತ್ತು. ಮಂಡ್ಯದಿಂದ ಬಸ್ಸಿನಲ್ಲಿ ಹೋಗುವಷ್ಟೂ ದೂರ, ಮಳವಳ್ಳಿಯ ಬಸ್ಸಿಗೆ ಟ್ರಂಕು ಹತ್ತಿಸುತ್ತಿರುವ ಚಿಕ್ಕತಾಯಮ್ಮನೇ ಕಣ್ಣ ಮುಂದೆ.

ಮನೆಗೆ ಹೋದರೆ ಅವರು ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಬೆರಳ ತುದಿ ನೀರಿನ ಮೇಲೆ. ಬೆರಳಿನ ಕೆಳಗೆ ಸಾಹೇಬರು ಕಾಳಿಗೆ ಬಾಯಿ ಬಿಡುತ್ತಿದ್ದರು. ನನ್ನನ್ನು ಕಂಡದ್ದೇ ಬೇರಿನ ಹಿಂದಕ್ಕೆ ಓಡಿದರು.

"ಬೆಳಗ್ಗೆ ಅವ್ರಾಗವ್ರೇ ಬಂದ್ರು ಕಣಪ್ಪ. ಮಂಜ ಕಾಲೇಜಿಗೋಗಿದ್ದ, ಮನೇಲಿ ಯಾರೂ ಇರ್ಲಿಲ್ಲ" ಎಂದರು. ಆಮೇಲೆ, "ಇರು, ಬರಿಗೈಲಿ ಓಗ್ಬ್ಯಾಡ. ಅವರೆಕಾಳು ಕೊಡ್ತೀನಿ, ನಿನ್ ಎಂಡ್ರಿಗೆ ಉಳಿ ಮಾಡಾಕೆ" ಎಂದು ಕೋಣೆಗೆ ಕರೆದರು.

ಮಂಚದ ಕೆಳಗಿನಿಂದ ಟ್ರಂಕು ಎಳೆಯಲು ನನಗೇ ಹೇಳಿದರು. ಜಗ್ಗಲಿಲ್ಲ. ಎರಡು ಕೈ ಹಾಕಿ ಎಳೆದೆ. ಬೀಗ ಇರಲಿಲ್ಲ. ಮುಚ್ಚಳ ತೆಗೆದರೆ ಬಾಯಿವರೆಗೂ ಒಣಗಿದ ಅವರೆಕಾಳು. ಅವರ ಸೀರೆಗಳು ಗೋಡೆಯ ಬೀರುವಿನಲ್ಲಿ ಮಡಚಿ ಕೂತಿದ್ದವು, ಪಕ್ಕದಲ್ಲಿ ಯಜಮಾನರ ಫೋಟೋ.

"ಉಳ ಬೀಳ್ದಂಗೆ ಇರ್ಲಿ ಅಂತ ಇದ್ಕೇ ತುಂಬ್ಸ್ಬುಟ್ಟೆ" ಎಂದು ಚಿಕ್ಕತಾಯಮ್ಮ ಸೇರಿನಲ್ಲಿ ಕಾಳು ಅಳೆಯತೊಡಗಿದರು. "ಈಗ ಇಷ್ಟ್ ಬಾರದ್ ಟ್ರಂಕು ಒತ್ಕಂಡು ಎಲ್ಲಿಗ್ ಓಗಾಣ ಬುಡು."